ಕೊರಳಿಗೆ ತೂಗುವ ಎರಡು ಕಿಲೋ

ನಮ್ಮ ಕೊಡಗಿನ ಮದುವೆ ಮನೆಗಳಲ್ಲಿ ಇತ್ತೀಚೆಗೆ ಒಂದು ಒಳ್ಳೆಯ ಬದಲಾವಣೆ ಕಾಣುತ್ತಿದ್ದೇನೆ. ಹೆಂಗಸರ ಕಡೆಯ ಫೋಟೋ ತೆಗೆಯಲು ಹುಡುಗಿಯರೇ ಬರುತ್ತಿದ್ದಾರೆ. ಮೊದಲೆಲ್ಲ ಕ್ಯಾಮರಾ ಹಿಡಿದ ಗಂಡಸರು ಒಳಗೆ ಬಂದ ಕೂಡಲೇ ಅತ್ತೆಯಂದಿರು, ಚಿಕ್ಕಮ್ಮಂದಿರು ಶಾಲು ಎಳೆದುಕೊಂಡು ಮೂಲೆ ಸೇರುತ್ತಿದ್ದರು. ಮದುಮಗಳು ತಲೆ ತಗ್ಗಿಸಿ ಕುಳಿತರೆ ಮತ್ತೆ ಎತ್ತುತ್ತಿರಲಿಲ್ಲ. ಈಗ ಆ ಸಂಕೋಚ ತಪ್ಪಿದೆ. ಫೋಟೋದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಇರುವುದು ನನಗೂ ತಿಳಿದಿದೆ. ಆ ಚರ್ಚೆಯನ್ನು ಇವತ್ತು ಎತ್ತಿಕೊಳ್ಳುವುದಿಲ್ಲ. ಫೋಟೋ ತೆಗೆಯುವ ಆ ಹುಡುಗಿಯ ಕೊರಳಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಮದ್ರಸದಲ್ಲಿ ನನ್ನ ಬಳಿ ಕಲಿತ ಒಬ್ಬಳು ಮೂರು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದಾಳೆ. ತಂದೆ ತೀರಿಕೊಂಡ ಮನೆ. ಬಡ್ಡಿಯ ಸಾಲ ಬೇಡವೆಂದು ಉಮ್ಮ ತನ್ನ ಎರಡು ಬಳೆ ಮಾರಿ ಸೆಕೆಂಡ್ ಹ್ಯಾಂಡ್ ಕ್ಯಾಮರಾ ತೆಗೆದುಕೊಟ್ಟಿದ್ದರು. ತಮ್ಮನ ಓದು ಅದರಿಂದಲೇ ನಡೆಯುತ್ತಿದೆ. ಕಳೆದ ತಿಂಗಳು ತಾಯಿ ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ಹುಡುಗಿಯ ಕುತ್ತಿಗೆ ಬಲಕ್ಕೆ ತಿರುಗುತ್ತಿರಲಿಲ್ಲ. ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು.

"ಟೀಚರೇ, ನೀವಾದರೂ ಇವಳಿಗೆ ಬುದ್ಧಿ ಹೇಳಿ. ಇದು ಹೆಣ್ಣುಮಕ್ಕಳಿಗೆ ಆಗುವ ಕೆಲಸವಲ್ಲ. ಆ ಪೆಟ್ಟಿಗೆಯನ್ನು ಮಾರಿಬಿಡಲಿ" ಎಂದು ಉಮ್ಮ ಶುರುಮಾಡಿದರು.

ನೋವಿಗಿಂತ ದೊಡ್ಡದಾಗಿ ಅವರನ್ನು ಹೆದರಿಸಿದ್ದು ಆ ವಾರದ ಒಂದು ಘಟನೆ. ಮದುಮಗಳು ಮೆಟ್ಟಿಲು ಹತ್ತುವ ಹೊತ್ತು. ಕ್ಯಾಮರಾ ಕೊರಳಲ್ಲಿದೆ, ಹುಡುಗಿ ಎರಡೂ ಕೈ ಬಿಟ್ಟು ಫ್ಲಾಶ್‌ನ ಬ್ಯಾಟರಿ ಬದಲಿಸುತ್ತಿದ್ದಾಳೆ. ಇದ್ದಕ್ಕಿದ್ದಂತೆ ಕ್ಯಾಮರಾದ ಒಂದು ಬದಿ ಕಳಚಿ ಕೆಳಗೆ ಜೋತುಬಿತ್ತು. ಮೊಣಕಾಲು ಅಡ್ಡ ಕೊಟ್ಟು ಹೇಗೋ ಹಿಡಿದುಕೊಂಡಳು. ಲೆನ್ಸಿನ ಮುಂದಿನ ಪ್ಲಾಸ್ಟಿಕ್ ಮುಚ್ಚು ಒಡೆಯಿತು, ಲೆನ್ಸ್ ಉಳಿಯಿತು. "ಅಲ್ಲಾಹು ಕಾಪಾಡಿದ" ಎಂದರು ಉಮ್ಮ. ಅಲ್‌ಹಮ್ದುಲಿಲ್ಲಾಹ್, ನಿಜ. ಆದರೆ ಒಂಟೆಯನ್ನು ಮೊದಲು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ)ರು ಕಲಿಸಿಕೊಟ್ಟದ್ದನ್ನು ನಾನೇ ಈ ಹುಡುಗಿಗೆ ಪಾಠ ಮಾಡಿದ್ದೆ. ಹಾಗಾದರೆ ಈ ಒಂಟೆಯನ್ನು ಕಟ್ಟಿದ್ದು ಹೇಗೆ ಎಂದು ನೋಡಬೇಕಲ್ಲ? ಕ್ಯಾಮರಾವನ್ನು ಅಡುಗೆಮನೆಯ ಮೇಜಿನ ಮೇಲೆ ಇರಿಸಿದೆವು.

ಪಟ್ಟಿ ಎಲ್ಲಿಯೂ ಹರಿದಿರಲಿಲ್ಲ. ಹೊಲಿಗೆ ಬಿಟ್ಟಿರಲಿಲ್ಲ, ಬಕಲ್ ಒಡೆದಿರಲಿಲ್ಲ. ಹಾಗಾದರೆ? ಜಾರಿತ್ತು. ಕ್ಯಾಮರಾದ ಕಿವಿಯಂಥ ಕೊಂಡಿಯೊಳಗೆ ಪಟ್ಟಿಯ ತುದಿ ಹೋಗಿ, ಹಿಂದಿರುಗಿ ಬಂದು, ಪ್ಲಾಸ್ಟಿಕ್ ಬಕಲ್‌ನ ಎರಡು ಸೀಳುಗಳಲ್ಲಿ ಹತ್ತಿ ಇಳಿದು, ತನ್ನದೇ ಪದರದ ಅಡಿಯಲ್ಲಿ ಸಿಕ್ಕಿಕೊಳ್ಳಬೇಕು. ಹಿಂದಿನ ಮಾಲೀಕ ಒಂದೇ ಸೀಳಿನಲ್ಲಿ ತೂರಿಸಿ ತುದಿಯನ್ನು ಹೊರಗೆ ಬಿಟ್ಟಿದ್ದ. ಅಂಥ ಪಟ್ಟಿ ಒಂದೇ ದಿನಕ್ಕೆ ಬೀಳುವುದಿಲ್ಲ. ನಡೆದಾಗಲೆಲ್ಲ ಕೂದಲೆಳೆಯಷ್ಟು ಜಾರುತ್ತದೆ. ಮೂರು ವರ್ಷ ಜಾರಿ ಜಾರಿ ಅವತ್ತು ತುದಿ ಮುಗಿದಿತ್ತು. ಎರಡು ಬಳೆಯ ಬೆಲೆ ಅಷ್ಟು ಕಾಲ ಒಂದು ಬೆರಳುದ್ದದ ನೈಲಾನ್ ತುದಿಯ ಮೇಲೆ ನಿಂತಿತ್ತು.

ನಿಮ್ಮ ಮನೆಯಲ್ಲಿ ಯಾರ ಬಳಿಯಾದರೂ ಕ್ಯಾಮರಾ ಇದ್ದರೆ ಓದುವುದನ್ನು ನಿಲ್ಲಿಸಿ ಈ ಒಂದನ್ನು ನೋಡಿ ಬನ್ನಿ. ತುದಿ ಒಳಗೆ ಸಿಕ್ಕಿಕೊಂಡಿದೆಯೇ? ಕನಿಷ್ಠ ಎರಡು ಅಂಗುಲವಾದರೂ ಬಕಲ್‌ನಿಂದಾಚೆ ಉಳಿದಿದೆಯೇ?

ಆಮೇಲೆ ತೂಕದ ಪ್ರಶ್ನೆ. ಅವಳದು ಕ್ಯಾನನ್ 5ಡಿ ಮಾರ್ಕ್ 4. ಬ್ಯಾಟರಿ ಸೇರಿ 890 ಗ್ರಾಂ. ಅದಕ್ಕೆ ಹಾಕುವ 24-70ರ ಲೆನ್ಸ್ 805 ಗ್ರಾಂ. ಮೇಲೆ ಕೂರುವ ಫ್ಲಾಶ್ 425 ಗ್ರಾಂ, ಅದರ ನಾಲ್ಕು ಬ್ಯಾಟರಿಗೆ ಸುಮಾರು ನೂರು. ಒಟ್ಟು ಎರಡು ಕಿಲೋ ಇನ್ನೂರು ಗ್ರಾಂ ದಾಟುತ್ತದೆ. "ಎರಡು ಕಿಲೋ ಅಂದರೆ ಏನು ಮಹಾ, ಅಕ್ಕಿ ಚೀಲ ಹೊರುವುದಿಲ್ಲವೇ ನಾವು?" ಎಂದು ನೀವು ಕೇಳಬಹುದು. ಉಮ್ಮನೂ ಅದನ್ನೇ ಕೇಳಿದರು.

ನಾನು ಶಾಲೆಯ ಮಾತು ಹೇಳಿದೆ. 2019ರಲ್ಲಿ ನಮ್ಮ ರಾಜ್ಯ ಸರಕಾರ ಮಕ್ಕಳ ಬ್ಯಾಗಿನ ತೂಕಕ್ಕೆ ಮಿತಿ ಹಾಕಿತು. ಮಗುವಿನ ತೂಕದ ಹತ್ತನೇ ಒಂದು ಭಾಗವನ್ನು ಮೀರಬಾರದು, ಒಂದು ಮತ್ತು ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಒಂಬತ್ತು ಹತ್ತಕ್ಕೆ ನಾಲ್ಕರಿಂದ ಐದು ಕಿಲೋ ಎಂದು ಆದೇಶ ಬಂತು. (ಎಷ್ಟು ಶಾಲೆಗಳಲ್ಲಿ ತಕ್ಕಡಿ ಇಟ್ಟು ತೂಗಿದರು ಎಂಬುದು ಬೇರೆ ಮಾತು. ನಮ್ಮ ಮಕ್ಕಳ ಬೆನ್ನು ನೋಡಿದರೆ ಗೊತ್ತಾಗುತ್ತದೆ.) ಆ ಬ್ಯಾಗಾದರೂ ಎರಡು ಹೆಗಲಿಗೆ ಹಂಚಿ, ಬೆನ್ನಿಗೆ ಒರಗಿ ಕೂರುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ, ಅಷ್ಟೇ. ಈ ಹುಡುಗಿಯ ಎರಡು ಕಿಲೋ ಬೆಳಿಗ್ಗೆ ಮೈಲಾಂಚಿಯ ಕೈಗಳಿಂದ ಶುರುವಾಗಿ ರಾತ್ರಿ ಮದುಮಗಳನ್ನು ಕಳುಹಿಸಿಕೊಡುವವರೆಗೆ ಹತ್ತು ಹನ್ನೆರಡು ಗಂಟೆ ಒಂದೇ ಕುತ್ತಿಗೆಯಲ್ಲಿ ತೂಗುತ್ತದೆ. ಅದೂ ಮೈಯ ಮುಂಭಾಗದಲ್ಲಿ. ಮುಂದೆ ತೂಗುವ ಭಾರ ಕುತ್ತಿಗೆಯನ್ನು ಮುಂದಕ್ಕೆ ಎಳೆಯುತ್ತದೆ. ತಲೆ ಬೀಳದಂತೆ ಹಿಂಗುತ್ತಿಗೆಯ ಸ್ನಾಯುಗಳು ಇಡೀ ದಿನ ಹಿಂದಕ್ಕೆ ಜಗ್ಗುತ್ತಿರಬೇಕು. ನಮ್ಮ ತಲೆಯೇ ನಾಲ್ಕೂವರೆ ಐದು ಕಿಲೋ ಇರುವಾಗ ಆ ಬಡಪಾಯಿ ಕುತ್ತಿಗೆಗೆ ಇನ್ನೆರಡು ಕಿಲೋ ಏಕೆ?

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೆ ತಾವೇ ಎಂಬಂತೆ ಹೇಳಿದರು: "ಕಾಫಿ ಕುಯ್ಯುವಾಗ ನಾವು ಚೀಲವನ್ನು ಕೊರಳಿಗೆ ನೇತು ಹಾಕಿಕೊಳ್ಳುತ್ತೇವಾ? ಸೊಂಟಕ್ಕೆ ಕಟ್ಟಿಕೊಳ್ಳುತ್ತೇವೆ."

ನೋಡಿ, ಪದವಿ ಪಡೆದ ನನಗೆ ಹೊಳೆಯದ ಮಾತು. ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಕುಯ್ಲು ಮಾಡಿದ ಹೆಂಗಸಿಗೆ ಭಾರವನ್ನು ಎಲ್ಲಿ ಇಡಬೇಕೆಂದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಎರಡು ಕೈಯೂ ಗಿಡದ ಮೇಲೆ ಇರಬೇಕು, ಭಾರ ಸೊಂಟದ ಎಲುಬಿನ ಮೇಲೆ ಕೂರಬೇಕು, ಬಗ್ಗಿದರೆ ಮುಖಕ್ಕೆ ಬಡಿಯಬಾರದು. ಕ್ಯಾಮರಾದವಳಿಗೂ ಬೇಕಾದದ್ದು ಇದೇ. ಕೊಡಗಿನವರಿಗೆ ಇನ್ನೊಂದು ಉದಾಹರಣೆಯೂ ಕಣ್ಣಮುಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇರುವ ಕೋವಿಯನ್ನು ಯಾರೂ ಕೊರಳಿಗೆ ಹಾಕಿಕೊಂಡು ನಡೆಯುವುದಿಲ್ಲ, ಪಟ್ಟಿಯನ್ನು ಹೆಗಲಿಗೇ ಹಾಕುತ್ತಾರೆ.

"ಹೆಣ್ಣುಮಕ್ಕಳಿಗೆ ಆಗುವ ಕೆಲಸವಲ್ಲ" ಎಂಬ ಮಾತಿಗೆ ನಾನು ಅಲ್ಲಿಯೇ ಉತ್ತರ ಕೊಟ್ಟೆ. ಹೊಮಾಯಿ ವ್ಯಾರಾವಾಲಾ ಎಂಬ ಪಾರ್ಸಿ ಮಹಿಳೆ 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು, ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. 1942ರಿಂದ ದೆಹಲಿಯಲ್ಲಿ ಕೆಲಸ ಮಾಡಿದರು. ಅವರ ಸ್ಪೀಡ್ ಗ್ರಾಫಿಕ್ ಕ್ಯಾಮರಾ ಎರಡು ಕಿಲೋಗೂ ಹೆಚ್ಚು ಭಾರದ ಪೆಟ್ಟಿಗೆ. ಸೀರೆ ಉಟ್ಟುಕೊಂಡು, ಸಾಮಾನನ್ನು ಹೇರಿಕೊಂಡು, ಸೈಕಲ್ ತುಳಿದು ಹೋಗಿ ಫೋಟೋ ತೆಗೆಯುತ್ತಿದ್ದರು. ಸ್ವಾತಂತ್ರ್ಯದ ದಿನಗಳನ್ನೂ ನೆಹರೂ ಅವರನ್ನೂ ನಾವು ಇಂದು ನೋಡುವ ಎಷ್ಟೋ ಚಿತ್ರಗಳು ಅವರು ತೆಗೆದವು. 2011ರಲ್ಲಿ ಪದ್ಮವಿಭೂಷಣ ಬಂತು. ಮರುವರ್ಷ ತೀರಿಕೊಂಡಾಗ ತೊಂಬತ್ತೆಂಟು ವರ್ಷ. ಉಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸೈಕಲ್‌ನಲ್ಲಾ? ಸೀರೆ ಉಟ್ಟುಕೊಂಡಾ?"

ಮಾರುವ ಮಾತು ಅಲ್ಲಿಗೆ ನಿಂತಿತು. ಕುತ್ತಿಗೆಯನ್ನು ಮೊದಲು ವೈದ್ಯರಿಗೆ ತೋರಿಸಿ ಎಂದು ಕಳುಹಿಸಿದೆ. ಪಟ್ಟಿ ಬದಲಿಸಿದ ಮಾತ್ರಕ್ಕೆ ಆಗಲೇ ಹಿಡಿದುಕೊಂಡ ಕುತ್ತಿಗೆ ಸಡಿಲಾಗುವುದಿಲ್ಲ. ಎರಡು ವಾರ ವಿಶ್ರಾಂತಿ, ವ್ಯಾಯಾಮ ಹೇಳಿಕೊಟ್ಟರಂತೆ. ಆ ಎರಡು ವಾರ ನಾವು ಪಟ್ಟಿ ಹುಡುಕಿದೆವು.

ಹುಡುಕಿ ಕಂಡುಕೊಂಡದ್ದನ್ನು ಹೇಳುತ್ತೇನೆ. ಭಾರದ ಕ್ಯಾಮರಾಕ್ಕೆ ಅಡ್ಡಪಟ್ಟಿ ಉತ್ತಮ. ಎಡ ಹೆಗಲಿನಿಂದ ಬಂದು ಬಲ ಸೊಂಟದ ಬಳಿ ಕ್ಯಾಮರಾ ತೂಗುವಂಥದ್ದು, ಹಿಂದೆ ಅಂಚೆಯಣ್ಣ ಚೀಲ ಹಾಕಿಕೊಳ್ಳುತ್ತಿದ್ದ ಹಾಗೆ. ಪಟ್ಟಿ ಹೆಗಲಲ್ಲೇ ನಿಂತಿದ್ದು, ಕ್ಯಾಮರಾ ಮಾತ್ರ ಅದರ ಮೇಲೆ ಸರಿದು ಕಣ್ಣಿಗೆ ಬರುವಂತೆ ಕೆಲವು ಪಟ್ಟಿಗಳಲ್ಲಿ ವ್ಯವಸ್ಥೆ ಇದೆ. ಎರಡು ಕ್ಯಾಮರಾ ಹೊರುವವರಿಗೆ ಎರಡೂ ಹೆಗಲಿಗೆ ಹಾಕುವ ಜೋಡಿ ಪಟ್ಟಿ ಸಿಗುತ್ತದೆ. ಭಾರ ಚೆನ್ನಾಗಿ ಹಂಚುತ್ತದೆ, ಆದರೆ ಹಾಕಿ ತೆಗೆಯುವುದು ರಗಳೆ, ನಮಾಝಿನ ಹೊತ್ತಿಗೆ ಗೊತ್ತಾಗುತ್ತದೆ. ಕೈಗೆ ಹಾಕುವ ಬಳೆಯಂಥ ಪಟ್ಟಿ ಚಿಕ್ಕ ಕ್ಯಾಮರಾಕ್ಕೆ ಸಾಕು. ಎರಡು ಕಿಲೋವನ್ನು ಇಡೀ ದಿನ ಮಣಿಕಟ್ಟಿನಲ್ಲಿ ಹೊರಲಾಗದು.

ಹೆಗಲ ಮೇಲೆ ಕೂರುವ ಮೆತ್ತೆ ಮೂರು ಬೆರಳಿನಷ್ಟಾದರೂ ಅಗಲ ಇರಲಿ. ಇಲ್ಲಿ ಒಂದು ಮೋಸ ಇದೆ. ಅಂಗಡಿಯಲ್ಲಿ ಕೈಗೆ ಬಹಳ ಮೃದುವಾಗಿ, ರಬ್ಬರಿನಂತೆ ಎಳೆದರೆ ಹಿಗ್ಗುವ ಪಟ್ಟಿ ಕೊಡುತ್ತಾರೆ. ಹಾಕಿಕೊಂಡರೆ ಅರ್ಧ ಭಾರ ಇಳಿದಂತೆ ಅನಿಸುತ್ತದೆ. ನಡೆಯತೊಡಗಿದರೆ ಕ್ಯಾಮರಾ ತೊಟ್ಟಿಲಿನಂತೆ ಮೇಲೆ ಕೆಳಗೆ ಕುಣಿಯುತ್ತದೆ. ಮೆತ್ತೆ ದಪ್ಪವಿರಲಿ, ಪಟ್ಟಿ ಹಿಗ್ಗದಿರಲಿ. ಯಾವ ಪಟ್ಟಿಯೂ ತೂಕವನ್ನು ಕಡಿಮೆ ಮಾಡುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಒಂದೇ ಹೆಗಲಲ್ಲಿ ಇಡೀ ದಿನ ಹಾಕಿಕೊಂಡರೆ ಆ ಬದಿಯ ಬೆನ್ನು ದೂರುತ್ತದೆ. ಊಟದ ನಂತರ ಇನ್ನೊಂದು ಹೆಗಲಿಗೆ ಬದಲಿಸಬೇಕು. ಊಟದ ಹೊತ್ತಿನಲ್ಲಿ ಕೆಳಗಿಳಿಸಲೇಬೇಕು.

ನಮ್ಮ ಹುಡುಗಿಯರಿಗೆ ಅಂಗಡಿಯವರು ಹೇಳಿಕೊಡದ ಒಂದು ತೊಡಕಿದೆ, ಶಿರವಸ್ತ್ರ. ಶಾಲಿನ ಮೇಲೆ ಪಟ್ಟಿ ಹಾಕಿದರೆ ಕ್ಯಾಮರಾ ಎತ್ತಿದಾಗಲೆಲ್ಲ ಶಾಲು ಜಗ್ಗಿ ಪಿನ್ ಕಿತ್ತುಬರುತ್ತದೆ. ಶಾಲನ್ನು ಪಟ್ಟಿಯ ಮೇಲೆ ಇಳಿಬಿಟ್ಟರೆ ಸರಿಯುವ ಕೊಂಡಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಇವಳು ಮೂರು ದಿನ ಕನ್ನಡಿಯ ಮುಂದೆ ನಿಂತು ಕಂಡುಕೊಂಡ ಉಪಾಯ ಹೀಗಿದೆ. ಅಬಾಯದ ಮೇಲೆ ಮೊದಲು ಪಟ್ಟಿ. ಆಮೇಲೆ ಎದೆ ಮುಚ್ಚುವಷ್ಟು ಅಗಲದ ಶಾಲು. ಅದರ ತುದಿಗಳು ಕ್ಯಾಮರಾ ಇಲ್ಲದ ಬದಿಗೆ, ಅಲ್ಲಿ ಒಂದು ಪಿನ್. ಎದೆಯ ಮೇಲೆ ಅಡ್ಡ ಬರುವ ಪಟ್ಟಿಯೂ ಮರೆಯಾಗುತ್ತದೆ, ಕೊಂಡಿ ಸರಿಯುವ ದಾರಿಯೂ ತೆರವಾಗಿರುತ್ತದೆ. ಪಟ್ಟಿ ಕೂರುವ ಹೆಗಲಲ್ಲಿ ಮಾತ್ರ ಪಿನ್ ಬೇಡ. ಭಾರ ಬಿದ್ದು ಸಂಜೆಗೆ ಅದು ಮಾಂಸಕ್ಕೆ ಒತ್ತುತ್ತದೆ. ಇನ್ನೊಂದು ವಿಷಯ, ಅಬಾಯದ ನಯವಾದ ಬಟ್ಟೆಯ ಮೇಲೆ ನೈಲಾನ್ ನಿಲ್ಲುವುದಿಲ್ಲ. ಮೆತ್ತೆಯ ಅಡಿಯಲ್ಲಿ ರಬ್ಬರ್ ಚುಕ್ಕೆ ಅಥವಾ ಒರಟು ಬಟ್ಟೆ ಇರುವುದನ್ನು ನೋಡಿ ಕೊಳ್ಳಿ.

ಈಗ ಭದ್ರತೆ. ಅಡ್ಡಪಟ್ಟಿಗಳಲ್ಲಿ ಹೆಚ್ಚಿನವು ಕ್ಯಾಮರಾದ ಅಡಿಯಲ್ಲಿ ಸ್ಟ್ಯಾಂಡಿಗಾಗಿ ಇರುವ ತೂತಿಗೆ ಸ್ಕ್ರೂ ಹಾಕಿ ತೂಗುತ್ತವೆ. ಕ್ಯಾಮರಾ ಅತ್ತಿತ್ತ ತಿರುಗುತ್ತಾ ಇರುವಾಗ ಸ್ಕ್ರೂ ತಾನಾಗಿ ಸಡಿಲಾಗಬಹುದು. ನಡುವೆ ರಬ್ಬರ್ ವಾಷರ್ ಇರಲಿ, ಗಂಟೆಗೊಮ್ಮೆ ಬೆರಳಿನಿಂದ ತಿರುವಿ ನೋಡಬೇಕು. ಅದೊಂದನ್ನೇ ನಂಬದೆ, ಪಟ್ಟಿಯಿಂದ ಕ್ಯಾಮರಾದ ಕಿವಿಗೆ ಇನ್ನೊಂದು ಗಟ್ಟಿ ದಾರ ಕಟ್ಟಿರಬೇಕು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಉದ್ದ ಲೆನ್ಸ್ ಹಾಕಿದಾಗ, ಉದಾಹರಣೆಗೆ ಒಂದೂವರೆ ಕಿಲೋ ತೂಗುವ 70-200, ಲೆನ್ಸಿಗೇ ಒಂದು ಕಾಲು ಇರುತ್ತದೆ. ಆಗ ಅಲ್ಲಿಗೇ ಪಟ್ಟಿ ಹಾಕಬೇಕು. ಕ್ಯಾಮರಾದಿಂದ ತೂಗಿದರೆ ಲೆನ್ಸ್ ಕೂರುವ ಬಾಯಿಯ ಮೇಲೆ ಭಾರವೆಲ್ಲ ಬೀಳುತ್ತದೆ.

ಹೊಲಿಗೆಯನ್ನು ಹೊಲಿಗೆ ಬಲ್ಲ ನೀವೇ ನೋಡಬಲ್ಲಿರಿ. ಒಂದೇ ಸಾಲಿನ ಹೊಲಿಗೆ ಇದ್ದರೆ ಬೇಡ. ಚೌಕಾಕಾರವಾಗಿ ಹೊಲಿದು ಒಳಗೆ ಗುಣಾಕಾರದ ಚಿಹ್ನೆಯಂತೆ ಅಡ್ಡ ಹಾಕಿರಬೇಕು. ಕೊಂಡಿ ಲೋಹದ್ದಾಗಿದ್ದು, ತಾನಾಗಿ ತೆರೆಯದಂತೆ ತಿರುಪಿನ ಲಾಕ್ ಇರಬೇಕು. ದಾರದ ಕುಣಿಕೆಯಲ್ಲಿ ತೂಗುವಂಥದ್ದಾದರೆ ಉಜ್ಜಿ ಸವೆದಿದೆಯೇ ಎಂದು ನೋಡುತ್ತಿರಬೇಕು. ಕೆಲವದರಲ್ಲಿ ಒಳಗೆ ಬೇರೆ ಬಣ್ಣದ ಎಳೆ ಇರುತ್ತದೆ, ಆ ಬಣ್ಣ ಕಂಡರೆ ಕುಣಿಕೆ ಬದಲಿಸುವ ಹೊತ್ತು ಬಂತೆಂದು ಅರ್ಥ.

ಆದರೆ ಪೊಟ್ಟಣದ ಮೇಲೆ ಬರೆದ ಕಿಲೋಗಳನ್ನು ನಂಬಿ ಕ್ಯಾಮರಾ ತೂಗುಹಾಕಬೇಡಿ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕ್ಯಾಮರಾದ ಎರಡೂವರೆ ಪಟ್ಟು, ಅಂದರೆ ಐದು ಕಿಲೋ ಅಕ್ಕಿಯನ್ನು ಗಟ್ಟಿ ಬಟ್ಟೆಯ ಚೀಲದಲ್ಲಿ ಕಟ್ಟಿ, ಹೊಸ ಪಟ್ಟಿಯಿಂದ ಕಿಟಕಿಯ ಸರಳಿಗೆ ರಾತ್ರಿ ತೂಗುಹಾಕಿದೆವು. ಬಕಲ್ ಇರುವಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದೆವು. ಮೊದಲು ತಂದ ಅಗ್ಗದ ಪಟ್ಟಿಯಲ್ಲಿ ಬೆಳಿಗ್ಗೆ ಗೆರೆ ಅರ್ಧ ಬೆರಳು ಸರಿದಿತ್ತು. ವಾಪಸು ಕೊಟ್ಟೆವು. ಎರಡನೆಯದರಲ್ಲಿ ಗೆರೆ ಇದ್ದಲ್ಲೇ ಇತ್ತು. ಆಮೇಲೆ ಎರಡು ಕಿಲೋ ಅಕ್ಕಿಯನ್ನೇ ತೂಗುಹಾಕಿಕೊಂಡು ಹುಡುಗಿ ಒಂದು ಪೂರ್ವಾಹ್ನ ಮನೆಗೆಲಸ ಮಾಡಿದಳು. ಗುಡಿಸುವಾಗ ಬಗ್ಗಿದರೆ ಚೀಲ ಮುಂದಕ್ಕೆ ಬಂದು ನೆಲಕ್ಕೆ ತಾಗುತ್ತಿತ್ತು. ಪಟ್ಟಿಯ ಉದ್ದವನ್ನು ಎರಡು ಅಂಗುಲ ಕಡಿಮೆ ಮಾಡಿದೆವು. ಕೈ ಇಳಿಬಿಟ್ಟರೆ ಮಣಿಕಟ್ಟಿಗೆ ಸಿಗುವ ಎತ್ತರ ಸರಿಹೋಯಿತು. ತಮ್ಮ ನಗುತ್ತಾ, "ಅಕ್ಕಿಯ ಫೋಟೋ ಚೆನ್ನಾಗಿ ಬಂತಾ ಇತ್ತಾ?" ಎಂದು ಕೇಳಿದನಂತೆ.

ಕೊಡಗಿನ ಮಳೆಯನ್ನು ಮರೆಯಬಾರದು. ಚರ್ಮದ ಪಟ್ಟಿ ನೋಡಲು ಚಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಪಾಟಿನ ಚಪ್ಪಲಿ, ಪರ್ಸುಗಳಿಗೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲ, ಬೂಸ್ಟು. ಒಲೆಯ ಮೇಲೆ ಒಣಗಿಸಿದರೆ ಚರ್ಮ ಬಿರಿಯುತ್ತದೆ. ದಪ್ಪ ಹತ್ತಿಯದು ನೀರು ಕುಡಿದರೆ ಎರಡು ದಿನ ಆರುವುದಿಲ್ಲ. ನಮ್ಮ ಊರಿಗೆ ಒತ್ತಾಗಿ ನೇಯ್ದ ನೈಲಾನ್ ಅಥವಾ ಪಾಲಿಯೆಸ್ಟರ್ ಪಟ್ಟಿಯೇ ಸರಿ. ಲೋಹದ ಉಂಗುರಗಳನ್ನು ಒರೆಸಿಡಿ, ತುಕ್ಕಿನ ಅಂಚು ದಾರವನ್ನು ಕುಯ್ಯುತ್ತದೆ. ಮನೆಗೆ ಬಂದ ಮೇಲೆ ಪಟ್ಟಿಯನ್ನು ಮೇಜಿನ ಅಂಚಿನಿಂದ ಜೋತುಬಿಡುವ ಅಭ್ಯಾಸ ಬಹಳ ಜನರಿಗಿದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ಹಿಡಿದು ಎಳೆಯದ ಮಗು ಉಂಟೇ? ಕ್ಯಾಮರಾ ಹೋದರೆ ಹೋಗಲಿ, ಎರಡು ಕಿಲೋ ಮಗುವಿನ ತಲೆಯ ಮೇಲೆ ಬಿದ್ದರೆ?

ಒಡೆದರೆ ಕ್ಯಾಮರಾ ಮಾತ್ರ ಹೋಗುವುದಿಲ್ಲ ಎಂದು ಹುಡುಗಿಯೇ ನನಗೆ ಹೇಳಿದಳು. ಅದರೊಳಗಿನ ಕಾರ್ಡಿನಲ್ಲಿ ಆ ದಿನದ ಮದುಮಗಳು, ಶಿರವಸ್ತ್ರ ತೆಗೆದು ಕುಳಿತ ಅವಳ ಅಕ್ಕತಂಗಿಯರು ಎಲ್ಲರೂ ಇದ್ದಾರೆ. ಕ್ಯಾಮರಾ ಎಲ್ಲೋ ಬಿದ್ದು ಯಾರದೋ ಕೈಗೆ ಸಿಗಬಾರದು. "ಅದು ಅಮಾನತ್ ಅಲ್ಲವಾ ಟೀಚರ್?" ಎಂದಳು. ಅದಕ್ಕೇ ಊಟಕ್ಕೆ ಕುಳಿತಾಗ ಪಟ್ಟಿಯ ಕುಣಿಕೆಯೊಳಗೆ ತನ್ನ ಕಾಲು ತೂರಿಸಿ ಕೂರುತ್ತಾಳೆ.

ಹೊಸ ಪಟ್ಟಿಯೊಂದಿಗೆ ಅವಳ ಮೊದಲ ಮದುವೆ ವಿರಾಜಪೇಟೆಯ ಕಡೆ ಆಯಿತು. ಎರಡನೆಯ ಲೆನ್ಸ್ ಮತ್ತು ಬ್ಯಾಟರಿಗಳು ಹೆಗಲಿನಲ್ಲಿರಲಿಲ್ಲ, ಸೊಂಟದಲ್ಲಿದ್ದವು. ಅಗಲದ ಪಟ್ಟಿ ಇಟ್ಟು, ಒಳಗೆ ಹಳೆಯ ಕಂಬಳಿಯ ತುಂಡು ಹಾಕಿ, ಬಾಯಿಗೆ ಮುಚ್ಚಳ ಹೊಲಿದ ಚೀಲ. ಉಮ್ಮ ತನ್ನ ಕುಯ್ಲಿನ ಚೀಲದ ಅಳತೆ ನೋಡಿ ಹೊಲಿದದ್ದು. ನಿಕಾಹಿಗೆ ಬಂದಿದ್ದ ಇನ್ನೊಬ್ಬ ಫೋಟೋದ ಹುಡುಗಿ ಅದನ್ನು ಎಲ್ಲಿ ತೆಗೆದುಕೊಂಡೆ ಎಂದು ಕೇಳಿದಳಂತೆ. ಈಗ ಉಮ್ಮನ ಮಶೀನಿನ ಮೇಲೆ ಅಂಥದೇ ಎರಡು ಚೀಲಗಳಿಗೆ ಬಟ್ಟೆ ಕತ್ತರಿಸಿಟ್ಟಿದೆ.